ಕಪ್ಪು ಬಿಳುಪಿನ ಹಸಿರು ಸೀರೆ

ಹೋದ ಭಾನುವಾರ ಕೊಳ್ಳೇಗಾಲಕ್ಕೆ ಹೋಗಿ ಹೊಸ ಹಿಂದಿ ಸಿನಿಮಾ ನೋಡಿ ಬಂದೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ, ಹೇಗಿತ್ತು ಮೇಡಂ? ಹೇಗಿರುತ್ತೆ? ಚಿಕ್ಕಂದಿನಲ್ಲಿ ತಪ್ಪಿಸಿಕೊಂಡ ಅಣ್ಣತಮ್ಮಂದಿರು ದೊಡ್ಡವರಾಗಿ ಹೊಡೆದಾಡಿಕೊಂಡರು. ಅವರ ತಾಯಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಕೆಮ್ಮಿದಳು. ನಾಯಕಿ ತೆಳ್ಳನೆಯ ಸೀರೆ ಉಟ್ಟು ಹಿಮದ ಮೇಲೆ ಉರುಳಾಡಿದಳು, ಪುಣ್ಯಾತಗಿತ್ತಿಗೆ ಒಂದು ನೆಗಡಿ ಕೂಡ ಆಗಲಿಲ್ಲ. ಇಷ್ಟು ಹೇಳಿದ್ದಕ್ಕೇ ಡ್ರಾಯಿಂಗ್ ಮೇಷ್ಟ್ರು ಮುಖ ಊದಿಸಿಕೊಂಡರು. ಅವರು ಅದೇ ಚಿತ್ರವನ್ನು ಮೂರನೇ ಸಲ ನೋಡಲು ಹೊರಟಿದ್ದರಂತೆ.

ಹನೂರಿನ ಹೈಸ್ಕೂಲಿನಲ್ಲಿ ಹಿಂದಿ ಹೇಳಿಕೊಡುವವಳು ನಾನು. ಹಾಗಾಗಿ ಈ ಸುತ್ತಿನಲ್ಲಿ ಹಿಂದಿ ಚಿತ್ರಗಳ ಬಗ್ಗೆ ನನ್ನ ಮಾತಿಗೆ ಒಂದಿಷ್ಟು ಬೆಲೆ ಇದೆ. ನಿಮಗೇನು ಬಿಡಿ, ಮಾತೆಲ್ಲ ಅರ್ಥವಾಗುತ್ತೆ, ಪುಣ್ಯವಂತರು ಎನ್ನುತ್ತಾರೆ. ಅರ್ಥವಾಗುವುದೇ ನನ್ನ ಸಂಕಟ ಅಂತ ಅವರಿಗೆ ಹೇಗೆ ಹೇಳಲಿ? ರೇಡಿಯೋದಲ್ಲಿ ವಾರವಾರ ಬರುವ ಹಿಂದಿ ನಾಟಕಗಳದ್ದೂ ಇದೇ ಹಾಡು. ಬಾಗಿಲು ಕಿರ್ರೆನ್ನುತ್ತದೆ, ಮಳೆ ಸುರಿಯುತ್ತದೆ, ಯಾರೋ ಒಬ್ಬಳು ಬಿಕ್ಕುತ್ತಾಳೆ, ಮುಂದಿನ ವಾರ ಅಲ್ಲಿಂದಲೇ ಮತ್ತೆ ಬಿಕ್ಕುತ್ತಾಳೆ. ಆ ಭಾಷೆ ಬರದಿದ್ದರೆ ಮಳೆಯ ಸದ್ದನ್ನಾದರೂ ನೆಮ್ಮದಿಯಾಗಿ ಕೇಳಬಹುದಿತ್ತು.

ಎಲ್ಲಕ್ಕಿಂತ ನನಗೆ ಸಿಟ್ಟು ತರಿಸುವುದು ಈಚಿನ ಚಿತ್ರಗಳಲ್ಲಿ ಬರುವ ವಿಧವೆಯರು. ಅವರಿಗೆ ಇರುವುದು ಎರಡೇ ಕೆಲಸ. ದೇವರ ಮುಂದೆ ಕೂತು ಹಾಡುವುದು, ಇಲ್ಲವೇ ಕೊನೆಯ ರೀಲಿನಲ್ಲಿ ಯಾರಿಗೋ ಬಿಟ್ಟ ಗುಂಡಿಗೆ ಅಡ್ಡ ಬಂದು ಸಾಯುವುದು. ಸತ್ತರೆ ಕಥೆ ಬರೆದವನಿಗೆ ತಾಪತ್ರಯ ತಪ್ಪಿತು, ಅವಳಿಗೊಂದು ಬಾಳು ಕೊಡುವ ಗೋಜಿಲ್ಲ. ಹೋದ ಭಾನುವಾರದ ಚಿತ್ರದಲ್ಲೂ ಹಾಗೇ ಒಬ್ಬಳು ಸತ್ತಳು. ಜನ ಮೂಗು ಒರೆಸಿಕೊಂಡರು. ನಾನು ಎದ್ದು ಆಚೆ ಬಂದು ಬಸ್ಸಿಗೆ ನಿಂತುಕೊಂಡೆ.

ಇಷ್ಟು ವರ್ಷಗಳಲ್ಲಿ ನಾನು ಮನಸ್ಸಿಟ್ಟು ಮೆಚ್ಚಿದ್ದು ಒಂದೇ ಹಿಂದಿ ಸಿನಿಮಾ. ಅದನ್ನು ನೋಡಿದಾಗ ನನಗೆ ಹಿಂದಿಯ ಒಂದಕ್ಷರವೂ ಬರುತ್ತಿರಲಿಲ್ಲ.

ಆಗ ನಾವು ಯಳಂದೂರಿನ ಪಕ್ಕದ ಅಗರದಲ್ಲಿದ್ದೆವು. ಕೊಳ್ಳೇಗಾಲ ಮದರಾಸಿನ ಕಡೆಯಿಂದ ಮೈಸೂರಿಗೆ ಸೇರಿದ ಹೊಸತು. ಬತ್ತದ ಕುಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಯಳಂದೂರಿನಲ್ಲಿ ಸಿನಿಮಾ ಟೆಂಟು ಏಳುತ್ತಿತ್ತು. ಮಧ್ಯೆ ಬಿದಿರು ತಡಿಕೆ, ಈಚೆ ಹೆಂಗಸರು, ಆಚೆ ಗಂಡಸರು. ಮುಂದೆ ಮರಳು, ಹಿಂದೆ ಬೆಂಚು. ಬರುವ ಚಿತ್ರಗಳಲ್ಲಿ ತಮಿಳು ಎಲ್ಲರಿಗೂ ಅಷ್ಟಿಷ್ಟು ತಿಳಿಯುತ್ತಿತ್ತು. ಹಿಂದಿ ಮಾತ್ರ ಯಾರಿಗೂ ಬಾರದು. ಆದರೆ ಬಾರದು ಅಂತ ಯಾರೂ ಮನೆಯಲ್ಲಿ ಕೂರುತ್ತಿರಲಿಲ್ಲ.

ಟೆಂಟಿನಲ್ಲಿ ಇದ್ದದ್ದು ಒಂದೇ ಮಿಷನ್ನು. ಒಂದು ರೀಲು ಮುಗಿದರೆ ಇನ್ನೊಂದು ಹಾಕುವವರೆಗೆ ದೀಪ ಹೊತ್ತುತ್ತಿತ್ತು. ಆ ಹೊತ್ತಿನಲ್ಲಿ ಟೆಂಟಿಗೆ ಟೆಂಟೇ ಸೇರಿ ಕಥೆ ಕಟ್ಟುತ್ತಿತ್ತು. ಅವನು ಇವಳ ಮಾವನೋ ಚಿಕ್ಕಪ್ಪನೋ, ಆ ಮುದುಕಿ ಯಾಕೆ ಅಷ್ಟು ಕೂಗಾಡಿದಳು, ಅವನು ಕೋರ್ಟಿಗೆ ಹೋಗಿದ್ದು ಜಮೀನಿನ ವ್ಯಾಜ್ಯಕ್ಕೇ ಇರಬೇಕು, ಹೀಗೆ. ಮನೆಯಲ್ಲಿ ಉರ್ದು ಮಾತಾಡುವ ಟೈಲರೊಬ್ಬರು ಯಳಂದೂರಿನಲ್ಲಿದ್ದರು. ಅವರು ಬಂದ ದಿನ ಬೆಂಚಿನ ಮೇಲೆ ನಿಂತು ಇಷ್ಟೇ ಕಣ್ರಪ್ಪ ಕಥೆ ಎಂದು ಬಿಡಿಸಿ ಹೇಳುತ್ತಿದ್ದರು. ಬಾರದ ದಿನ ಯಾರ ಗಂಟಲು ದೊಡ್ಡದೋ ಅವರು ಹೇಳಿದ್ದೇ ಕಥೆ.

ಈಗ ನನ್ನ ಅಕ್ಕನ ವಿಷಯ ಹೇಳಬೇಕು. ಅಕ್ಕ ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಜ್ವರದಲ್ಲಿ ಹೋದ. ಅವಳು ಬರಿ ಹಣೆ, ಬರಿ ಕೈಯಲ್ಲಿ ನಮ್ಮ ಮನೆಗೆ ವಾಪಸು ಬಂದಳು. ಮೊದಲು ಎರಡು ಬೀದಿಗೆ ಕೇಳುವ ಹಾಗೆ ನಗುತ್ತಿದ್ದವಳು ಒಲೆಯ ಮುಂದೆ ಕೂತರೆ ಇದ್ದಾಳೋ ಇಲ್ಲವೋ ಗೊತ್ತಾಗದಂತೆ ಇರುವುದನ್ನು ಕಲಿತಳು. ಅದನ್ನು ನೋಡಿ ನನಗೆ ಆಗುತ್ತಿದ್ದ ಸಂಕಟ ಹೇಳತೀರದು.

ಶಾಗ್ಯದಿಂದ ಒಬ್ಬರು ಪ್ರತಿ ವರ್ಷ ನಮ್ಮ ಗದ್ದೆಯ ಬತ್ತದ ಹುಲ್ಲಿಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅಲ್ಲಿ ರಾಗಿ, ಜೋಳದ ಒಣ ಬೇಸಾಯ, ದನಕ್ಕೆ ಹುಲ್ಲು ಸಾಲದು. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದರು. ಕಡಿಮೆ ಮಾತಿನ ಮನುಷ್ಯ. ಆ ವರ್ಷ ಹುಲ್ಲು ತುಂಬಿಕೊಂಡು ಹೋದ ಮೇಲೆ ನಮ್ಮ ಸೋದರಮಾವನ ಕೈಲಿ ಹೇಳಿಕಳಿಸಿದರು, ನಿಮ್ಮ ಹುಡುಗಿಯನ್ನು ಕೂಡಾವಳಿ ಮಾಡಿಕೊಡ್ತೀರಾ ಅಂತ.

ಕೂಡಾವಳಿ ಎಂದರೆ ಗಂಡ ಸತ್ತವಳನ್ನು ಮತ್ತೆ ಕೊಡುವುದು. ವಾಲಗವಿಲ್ಲ, ಚಪ್ಪರವಿಲ್ಲ, ಧಾರೆಯಿಲ್ಲ. ಸಂಜೆ ಹೊತ್ತು ನಾಲ್ಕು ಜನ ಯಜಮಾನರ ಎದುರಿಗೆ ಗಂಡು ಒಂದು ಸೀರೆ ಕೊಡುತ್ತಾನೆ, ಅವಳು ಉಟ್ಟುಕೊಳ್ಳುತ್ತಾಳೆ, ಆಯಿತು. ಮುತ್ತೈದೆಯರು ಆ ಕಡೆ ತಲೆ ಹಾಕುವುದಿಲ್ಲ. ನಮ್ಮ ಜನದಲ್ಲಿ ಹಿಂದಿನಿಂದ ನಡೆದುಬಂದದ್ದೇ. ಆದರೆ ನಮ್ಮ ತಾತನ ಕಾಲಕ್ಕೆ ನಾಲ್ಕು ಕಾಸು ಕಂಡ ಮನೆಗಳು ಅದನ್ನು ನಿಲ್ಲಿಸಿದ್ದವು. ದೊಡ್ಡ ಮನೆಯವರು ಮಾಡುವುದಿಲ್ಲ, ನಾವೂ ಮಾಡುವುದು ಬೇಡ ಎಂಬ ಬಿಗುಮಾನ. ಬಿಗುಮಾನ ತಾತನದು, ಬರಿ ಕೈ ಅಕ್ಕನದು.

ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾವ ಕೇಳಿದಾಗೆಲ್ಲ ನಡುಮನೆಯ ಕಂಬ ನೋಡುತ್ತಾ ಕೂರುತ್ತಿದ್ದ. ಒಂದು ದಿನ ಕಟ್ಟೆಯ ಹತ್ತಿರ ಬಟ್ಟೆ ಸೆಣೆಯುವಾಗ ನಾನು ಅಕ್ಕನನ್ನು ಕೇಳಿಯೇಬಿಟ್ಟೆ, ನಿನಗೆ ಇಷ್ಟವಾ ಅಂತ.

"ನಂಗಿಷ್ಟ ಆದ್ರೆ ಏನ್ ಬಂತವ್ವ," ಅಂದಳು. "ಅಪ್ಪ ಬಾಯ್ಬುಟ್ಟು ಬ್ಯಾಡ ಅಂದಿದ್ರೂ ನಾ ಒಂದ್ಸಲ ಅತ್ತು ಸುಮ್ನಾಗ್ತಿದ್ದಿ. ಹಿಂಗೆ ಕಂಬ ನೋಡ್ಕಂಡು ಕೂತ್ರೆ ನಾ ಯಾರ್ನ ಕೇಳ್ಲಿ?"

ಅಪ್ಪನಿಗೆ ಸಿನಿಮಾ ಎಂದರೆ ಪ್ರಾಣ. ಹುಲ್ಲಿನ ಗಾಡಿ ಹೋದ ಕೆಲವು ವಾರಕ್ಕೆ ಯಳಂದೂರಿನ ಟೆಂಟಿಗೆ ಒಂದು ಹಿಂದಿ ಚಿತ್ರ ಬಂತು. ಅಕ್ಕನನ್ನು ಮನೆಯಲ್ಲಿ ಬಿಟ್ಟು ಹೋಗುವುದಾದರೆ ತಾನೂ ಬರುವುದಿಲ್ಲ ಎಂದು ಅವ್ವ ಹಟ ಹಿಡಿದಳು. ಹಾಗಾಗಿ ಎಲ್ಲರೂ ಗಾಡಿ ಹತ್ತಿದೆವು. ಅಪ್ಪ ಆಚೆ ಬೆಂಚಿನಲ್ಲಿ ಊರಿನ ಯಜಮಾನರ ಪಕ್ಕ ಕೂತ. ನಾವು ಈಚೆ ಮರಳಿನಲ್ಲಿ ಕೂತೆವು. ಅಕ್ಕನ ಒಂದು ಪಕ್ಕಕ್ಕೆ ನಾನು. ಇನ್ನೊಂದು ಪಕ್ಕಕ್ಕೆ ನಮ್ಮ ಬೀದಿಗೆ ಬಳೆ ತರುತ್ತಿದ್ದ ಮುದುಕಿ. ಅವಳನ್ನು ಎಲ್ಲರೂ ಬಳೆ ಬೂಬಮ್ಮ ಎನ್ನುತ್ತಿದ್ದರು. ಅಕ್ಕ ವಾಪಸು ಬಂದಮೇಲೆ ಅವಳು ನಮ್ಮ ಮನೆಯ ಮುಂದೆ ಬಳೆ ಅಂತ ಕೂಗುತ್ತಿರಲಿಲ್ಲ. ಬೀದಿಯ ಆ ತುದಿಗೆ ಹೋಗಿ ಕೂಗುತ್ತಿದ್ದಳು. ಅದಕ್ಕೇ ಅವಳನ್ನು ಕಂಡರೆ ನನಗೆ ಗೌರವ.

ಚಿತ್ರದಲ್ಲಿ ಒಂದು ದೊಡ್ಡ ಮನೆ. ಬಿಳಿ ಸೀರೆಯ ಒಬ್ಬಳು ಹುಡುಗಿ ಪಾತ್ರೆ ತಿಕ್ಕುತ್ತಿದ್ದಳು. ನಮ್ಮಲ್ಲಿ ಗಂಡ ಸತ್ತವರು ಬಿಳಿ ಉಡಬೇಕೆಂದಿಲ್ಲ. ಆದರೂ ಆ ಹಣೆ, ಆ ಕೈ ಕಂಡಕೂಡಲೇ ಟೆಂಟಿಗೆ ತಿಳಿಯಿತು. ಹೆಂಗಸರ ಕಡೆ ಒಂದಿಬ್ಬರು ತಿರುಗಿ ಅಕ್ಕನನ್ನು ನೋಡಿದರು. ನನಗೆ ಮೈಯೆಲ್ಲ ಉರಿಯಿತು.

ಪಕ್ಕದ ಮನೆಗೆ ಒಬ್ಬ ಡಾಕ್ಟರು ಬಂದ. ಒಂಟಿ ಹುಡುಗ. ಅವಳಿಗೆ ಜ್ವರ ಬಂದಾಗ ಔಷಧಿ ಕೊಟ್ಟ, ಅತ್ತೆ ಬೈದಾಗ ಎದುರು ಮಾತಾಡಿದ. ಆಮೇಲೆ ಒಂದು ಬೆಳಿಗ್ಗೆ ಅವಳು ತಟ್ಟೆಯಲ್ಲಿ ದೀಪ ಹಚ್ಚಿಕೊಂಡು ಅವನ ಮನೆಗೆ ಬಂದಳು. ಅವನನ್ನು ಮಣೆಯ ಮೇಲೆ ಕೂರಿಸಿದಳು. ಹಣೆಗೆ ಕುಂಕುಮ ಇಟ್ಟು, ಬಲಗೈಗೆ ದಾರ ಕಟ್ಟಿದಳು. ಬಾಯಿಗೆ ಸಿಹಿ ಇಟ್ಟಳು. ಅವನು ಕಣ್ಣಲ್ಲಿ ನೀರು ತಂದುಕೊಂಡು ಏನೋ ಹೇಳಿದ. ಪೊಟ್ಟಣ ಬಿಚ್ಚಿ ಅಗಲ ಅಂಚಿನ ಒಂದು ಸೀರೆಯನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಹೆಗಲ ಮೇಲೆ ಹೊದ್ದುಕೊಂಡಳು. ಅಲ್ಲಿಗೆ ರೀಲು ಮುಗಿದು ದೀಪ ಹೊತ್ತಿತು.

ಗಂಡಸರ ಕಡೆಯಿಂದ ಒಂದು ಕೂಗು ಬಂತು. "ಕೂಡಾವಳಿ ಆಯ್ತು ಕಣ್ರಲಾ!"

ಈಗ ನಗುವವರು ನಗಬಹುದು. ರಾಖಿ ಎಂಬ ಹಬ್ಬ ಒಂದಿದೆ, ಆ ದಿನ ತಂಗಿ ಅಣ್ಣನ ಕೈಗೆ ದಾರ ಕಟ್ಟುತ್ತಾಳೆ, ಅಣ್ಣ ತಂಗಿಗೆ ಸೀರೆ ಕೊಡುತ್ತಾನೆ ಎಂಬುದು ಆಗ ನಮಗೆ ಯಾರಿಗೆ ಗೊತ್ತಿತ್ತು? ನಮಗೆ ಗೊತ್ತಿದ್ದದ್ದು ಕಂಕಣ. ಮದುವೆಯಲ್ಲಿ ಹೆಣ್ಣು ಗಂಡಿನ ಕೈಗೆ ಕಟ್ಟುವ ದಾರ. ಕಂಕಣ ಕಟ್ಟಿದಳು, ಸೀರೆ ಕೊಟ್ಟ, ಹೊದ್ದುಕೊಂಡಳು. ಇನ್ನೇನು ಬೇಕು? ಟೈಲರ್ ಅವತ್ತು ಊರಲ್ಲಿರಲಿಲ್ಲ. ಇದ್ದಿದ್ದರೂ ಆ ಗದ್ದಲದಲ್ಲಿ ಅವರ ಮಾತು ಕೇಳುತ್ತಿತ್ತೋ ಇಲ್ಲವೋ.

"ನೋಡ್ದಾ," ಎಂದು ನಮ್ಮೂರ ಯಜಮಾನರು ಅಪ್ಪನಿಗೆ ಹೇಳುತ್ತಿದ್ದದ್ದು ತಡಿಕೆಯ ಈಚೆಗೂ ಕೇಳಿತು. "ಎಂಥಾ ದೊಡ್ಮನೆ! ಡಾಕುಟ್ರು ಬೇರೆ! ಅವ್ರೇ ಕೂಡಾವಳಿ ಮಾಡ್ಕತಾರೆ, ನಾವ್ಯಾವ ಮಾರಾಜ್ರು ಯೋಳು?"

ನಾನು ತಡಿಕೆಯ ಸಂದಿಯಿಂದ ನೋಡಿದೆ. ಅಪ್ಪ ಬೆಂಚಿನಿಂದ ಎದ್ದು ನಿಂತಿದ್ದ. ಬರಿ ಬಿಳಿ ಪರದೆಯನ್ನೇ ನೋಡುತ್ತಿದ್ದ. ಈಚೆ ತಿರುಗಿದರೆ ಬಳೆ ಬೂಬಮ್ಮ ಅಕ್ಕನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳುತ್ತಿದ್ದಳು. ಅಕ್ಕ ಒಂದು ಸಲ ತಲೆಯಾಡಿಸಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಾಚಿಕೆ ಇರಬೇಕು, ಇಲ್ಲ ಸಂತೋಷಕ್ಕೆ ಅಳುತ್ತಿರಬೇಕು ಅಂದುಕೊಂಡೆ.

ಆಮೇಲಿನ ರೀಲುಗಳಲ್ಲಿ ಟೆಂಟು ಪೇಚಿಗೆ ಸಿಕ್ಕಿತು. ಡಾಕ್ಟರು ಇನ್ನೊಬ್ಬಳನ್ನು ಪ್ರೀತಿಸಿದ, ಅವಳ ಜೊತೆ ಮರ ಸುತ್ತಿದ, ವಾಲಗ ಊದಿಸಿ ಮದುವೆಯೂ ಆದ. ಗಂಡಸರ ಕಡೆ ಛೀ ಥೂ ಎಂದು ಉಗಿದರು. ಆದರೆ ಬಿಳಿ ಸೀರೆಯವಳೇ, ಈಗ ಅಂಚಿನ ಸೀರೆ ಉಟ್ಟು, ನಗುನಗುತ್ತಾ ಆ ಜೋಡಿಗೆ ಆರತಿ ಎತ್ತಿದಳು. ಅವಳ ದೊಡ್ಡ ಗುಣ ಕಂಡು ನಮ್ಮವ್ವ ಬಿಕ್ಕಿಬಿಕ್ಕಿ ಅತ್ತಳು. ಕೊನೆಯಲ್ಲಿ ಅವಳು ಅದೇ ಮನೆಯಲ್ಲಿ ಉಳಿದು, ಹುಟ್ಟಿದ ಮಗುವನ್ನು ಎತ್ತಿ ಆಡಿಸಿದಳು. ಸಾಯಲಿಲ್ಲ. ಇವತ್ತಿಗೂ ನಾನು ಆ ಕಥೆ ಬರೆದವನಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ವಾಪಸು ಬರುವಾಗ ಗಾಡಿಯಲ್ಲಿ ಅವ್ವನದು ಒಂದೇ ಮಾತು, ಆ ಸೀರೆ ಕೆಂಪೇ ಇರಬೇಕು, ಎಂಥಾ ಲಕ್ಷಣವಾಗಿತ್ತು ಅಂತ. ಕಪ್ಪು ಬಿಳುಪಿನ ಚಿತ್ರದಲ್ಲಿ ಕೆಂಪನ್ನು ಎಲ್ಲಿ ಕಂಡಳೋ. ಅಪ್ಪ ಸುಮ್ಮನೆ ಎತ್ತು ಹೊಡೆಯುತ್ತಿದ್ದ. ಊರಿನ ಹುಣಸೇಮರ ದಾಟಿದ ಮೇಲೆ ತಿರುಗದೆಯೇ ಹೇಳಿದ.

"ಕೆಂಪಲ್ಲ ಕಣಮ್ಮಿ. ಹಸ್ರು."

ಸ್ವಲ್ಪ ಮುಂದೆ ಹೋದಮೇಲೆ ಮತ್ತೆ ಹೇಳಿದ. "ನಾಳೀಕೆ ನಿಮ್ಮಣ್ಣನ್ನ ಬರೇಳು. ಶಾಗ್ಯಕ್ಕೆ ಯೋಳ್ಕಳ್ಸನ. ಹಸ್ರು ಸೀರೆನೇ ತರ್ಲಿ ಅಂತ ಯೋಳು."

ಅವ್ವ ಗಾಡಿಯ ಗೂಟ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. ಅಕ್ಕ ನನ್ನ ಕೈಯನ್ನು ಹಿಡಿದವಳು ಮನೆ ಬರುವವರೆಗೆ ಬಿಡಲಿಲ್ಲ.

ಕೂಡಾವಳಿ ನಡೆದ ಸಂಜೆ ಅವ್ವ ಪದ್ಧತಿಯ ಪ್ರಕಾರ ಒಳಗೇ ಇದ್ದಳು, ಆದರೆ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಶಾಗ್ಯದವರು ತಂದಿದ್ದು ಹಸಿರು ನೂಲಿನ ಸೀರೆ, ಕೆಂಪು ಅಂಚು. ಮಾರನೇ ಬೆಳಿಗ್ಗೆ ಬಳೆ ಬೂಬಮ್ಮ ಯಾರೂ ಕರೆಯದೆ ಬಂದು ಜಗುಲಿಯಲ್ಲಿ ಕೂತಳು. ಅಕ್ಕನ ಎರಡು ಕೈಗೂ ತುಂಬ ಬಳೆ ತೊಡಿಸಿದಳು. ತೊಡಿಸುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಯಾಕೆ ನಕ್ಕರು ಅಂತ ನನಗೆ ತಿಳಿಯಲಿಲ್ಲ. ಅಕ್ಕ ಎಷ್ಟೋ ಕಾಲದ ಮೇಲೆ ನಕ್ಕಳಲ್ಲ, ಅಷ್ಟು ಸಾಕಾಗಿತ್ತು.

ನಾನು ಮುಂದೆ ಓದಿದೆ. ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸಾದೆ. ಅಷ್ಟೂ ಓದಿನಲ್ಲಿ ಆ ಹಬ್ಬದ ಹೆಸರು ಎಲ್ಲೋ ಕಣ್ಣಿಗೆ ಬಿದ್ದಿರಲೇಬೇಕು, ತಲೆಗೆ ಹೋಗಿರಲಿಲ್ಲ. ಹನೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಮಕ್ಕಳ ಪಾಠದಲ್ಲಿ ಒಂದು ಚಿತ್ರವಿತ್ತು. ತಂಗಿ ಅಣ್ಣನ ಕೈಗೆ ದಾರ ಕಟ್ಟುತ್ತಿದ್ದಾಳೆ, ತಟ್ಟೆಯಲ್ಲಿ ದೀಪ, ಸಿಹಿ. ಪಾಠ ಓದಿಸುತ್ತಾ ಓದಿಸುತ್ತಾ ಅರ್ಧಕ್ಕೇ ನಿಲ್ಲಿಸಿದೆ. ಮಕ್ಕಳಿಗೆ ಸುಮ್ಮನೆ ಬರೆಯಲು ಹೇಳಿ ಕುರ್ಚಿಯಲ್ಲಿ ಕೂತೆ. ಅಕ್ಕನ ಬಾಳು ನಿಂತದ್ದು ಇದರ ಮೇಲಾ? ಇಡೀ ಟೆಂಟು ತಪ್ಪು ತಿಳಿದದ್ದಕ್ಕಾ?

ಯಾರಿಗೂ ಹೇಳಲಿಲ್ಲ. ಶಾಗ್ಯ ಹನೂರಿಗೆ ಹತ್ತಿರ. ರಜೆ ಬಂದರೆ ಅಕ್ಕನ ಮನೆಗೆ ಹೋಗುತ್ತಿದ್ದೆ. ಅವಳು ಹೊಲದಲ್ಲಿ ಕಳೆ ಕೀಳುತ್ತಾ ಗಂಡನನ್ನು ಗದರುತ್ತಿದ್ದಳು, ಭಾವ ತಲೆ ತಗ್ಗಿಸಿ ನಗುತ್ತಿದ್ದರು. ಇಬ್ಬರು ಮಕ್ಕಳು. ಅವಳ ನಗು ಮತ್ತೆ ಎರಡು ಬೀದಿಗೆ ಕೇಳುತ್ತಿತ್ತು. ಹೇಳಿ ಏನು ಸಾಧಿಸಬೇಕಿತ್ತು?

ಹೋದ ವರ್ಷ ಅದೇ ಹಳೆಯ ಚಿತ್ರ ಕೊಳ್ಳೇಗಾಲದ ಥಿಯೇಟರಿಗೆ ಬೆಳಗಿನ ಆಟಕ್ಕೆ ಬಂತು. ಅಪ್ಪನಿಗೆ ಹೇಗೋ ಸುದ್ದಿ ಮುಟ್ಟಿತು. ಅವ್ವ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಅಪ್ಪನಿಗೆ ಕಣ್ಣು ಮಂಜು. ಆದರೂ ಇಬ್ಬರು ಹೆಣ್ಣುಮಕ್ಕಳ ಜೊತೆ ಅದನ್ನು ನೋಡಲೇಬೇಕೆಂದು ಹೇಳಿಕಳಿಸಿದ. ನಾನು ಹಿಂದಿ ಮೇಡಂ. ಪಕ್ಕದಲ್ಲಿ ಕೂರಿಸಿಕೊಂಡು ಅರ್ಥ ಕೇಳದೆ ಇರುತ್ತಾನೆಯೇ?

ಕುರ್ಚಿಯಲ್ಲಿ ಅಪ್ಪ ನಡುವೆ, ಆ ಪಕ್ಕ ಅಕ್ಕ, ಈ ಪಕ್ಕ ನಾನು. ಈ ಸಲ ಒಂದೊಂದು ಮಾತೂ ನನಗೆ ತಿಳಿಯುತ್ತಿತ್ತು. ಮಾತುಗಳು ಸಾಧಾರಣ, ಸ್ವಲ್ಪ ಜಾಸ್ತಿಯೇ ಅಳುಮುಂಜಿ. ಆ ಬೆಳಿಗ್ಗೆ ಬಂತು. ತಟ್ಟೆ, ದೀಪ, ದಾರ. ಡಾಕ್ಟರು ಕಣ್ಣೊರೆಸಿಕೊಂಡು ಹೇಳಿದ, ನನಗೆ ಒಡಹುಟ್ಟಿದವರಿಲ್ಲ, ಇವತ್ತಿನಿಂದ ನೀನೇ ನನ್ನ ತಂಗಿ, ನನ್ನ ಮನೆಯೇ ನಿನ್ನ ಮನೆ ಅಂತ.

ಅಪ್ಪ ನನ್ನ ಕಡೆ ಬಗ್ಗಿದ. "ಅವತ್ತು ತಿಳೀನಿಲ್ಲ ಕಣ್ ಮಗಾ. ಏನಂದ ಅವ್ನು?"

ಮಕ್ಕಳು ಒಂದು ಪದ ತಪ್ಪು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವವಳು ನಾನು. ಅಷ್ಟರಲ್ಲಿ ಆ ಪಕ್ಕದಿಂದ ಅಕ್ಕ ಹೇಳಿದಳು.

"ಇವತ್ತಿಂದ ನಮ್ಮನೆನೇ ನಿಮ್ಮನೆ ಅಂತಾವ್ನೆ ಕಣಪ್ಪ."

ಅಪ್ಪ ಸಮಾಧಾನದಿಂದ ಹಿಂದಕ್ಕೆ ಒರಗಿದ. ಹಿಂದಿಯ ಗಂಧವಿಲ್ಲದ ಅಕ್ಕ ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಬಿಟ್ಟಿದ್ದು ಒಂದು ಪದ ಮಾತ್ರ.

ಆಟ ಮುಗಿದು ಆಚೆ ಬಂದಾಗ ಅಪ್ಪ ಎಲೆ ಅಡಿಕೆ ಕೊಳ್ಳಲು ಪಕ್ಕದ ಅಂಗಡಿಗೆ ಹೋದ. ನಾನು ಅಕ್ಕನನ್ನು ಗೋಡೆಯ ಹತ್ತಿರ ಎಳೆದೆ.

"ನಿಂಗೆ ಹೆಂಗ್ ಗೊತ್ತಾಯ್ತಕ್ಕ?"

"ಅವತ್ತೇ ಗೊತ್ತಿತ್ತು ಕಣೇ," ಅಂದಳು. "ಬಳೆ ಬೂಬಮ್ಮ ಕಿವೀಲಿ ಯೋಳುದ್ಲು. ಅವ್ಳ ಮನೇಲೂ ಉರ್ದುನೇ ಅಲ್ವಾ. ಮದ್ವೆ ಅಲ್ಲ ಕಣವ್ವ, ಅಣ್ಣ ತಂಗಿ ಆದ್ರು, ಈ ಗಂಡುಸ್ರು ಸುಮ್ಸುಮ್ನೆ ಬಡ್ಕತಾವ್ರೆ ಅಂತ."

"ಮತ್ತೆ ಯಾಕ್ ಸುಮ್ನಿದ್ದೆ?"

ಅಕ್ಕ ಅಂಗಡಿಯ ಮುಂದೆ ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದ ಅಪ್ಪನನ್ನೇ ನೋಡುತ್ತಿದ್ದಳು.

"ಅಪ್ಪ ಬೆಂಚಿಂದ ಎದ್ದು ನಿಂತಿತ್ತಲ್ಲ, ನೀನೂ ನೋಡ್ದೆ. ನಾ ಮನೆಗೆ ವಾಪಸ್ ಬಂದ ಮ್ಯಾಕೆ ಅಪ್ಪ ನನ್ ಮೊಖ ನೋಡಿದ್ದೇ ಇಲ್ಲ ಕಣೇ. ಅವತ್ತು ಪರ್ದೆ ಮ್ಯಾಲೆ ನನ್ನೇ ನೋಡ್ತಾದೆ ಅನ್ನುಸ್ತು. ನಾ ಬೂಬಮ್ಮನ್ ಕೈ ಹಿಡ್ಕಂಡಿ, ಯಾರ್ಗೂ ಯೋಳ್ಬ್ಯಾಡ ಅಂತ. ಅವ್ಳೂ ಸಾಯೋಗಂಟ ಯೋಳ್ನಿಲ್ಲ."

ನನಗೆ ಕಣ್ಣು ತುಂಬಿ ಬಂತು. ಟೆಂಟು ಮೋಸಹೋಯಿತು, ಅಕ್ಕ ಪಾಪ ಏನೂ ಅರಿಯಳು ಅಂತ ಇಷ್ಟು ವರ್ಷ ಮರುಗಿದ್ದೆನಲ್ಲ. ಇಡೀ ಟೆಂಟಿನಲ್ಲಿ ಚಿತ್ರವನ್ನು ಸರಿಯಾಗಿ ನೋಡಿದವಳು, ಆ ಮುದುಕಿಯನ್ನು ಬಿಟ್ಟರೆ, ಇವಳೊಬ್ಬಳೇ.

ಅಪ್ಪ ಎಲೆ ಅಡಿಕೆ ಹಿಡಿದು ಬಂದ. ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾ ಒಂದು ಕೈ ಅಕ್ಕನ ಭುಜದ ಮೇಲಿಟ್ಟ. "ಆ ಡಾಕುಟ್ರು ಹುಡ್ಗ ಒಳ್ಳೇವ್ನು ಕಣ್ರವ್ವ," ಅಂದ. "ಇಬ್ರುನ್ನೂ ಚೆಂದಾಗಿ ನೋಡ್ಕಂಡ." ನಾಲ್ಕು ಹೆಜ್ಜೆ ನಡೆದು ನಿಂತ. ಮಂಜುಗಣ್ಣಿನಲ್ಲಿ ನನ್ನ ಮುಖ ಹುಡುಕಿದ.

"ನಿಮ್ಮವ್ವ ಸಾಯೋಗಂಟ ಕೆಂಪು ಕೆಂಪು ಅಂತಿದ್ಲು. ಓದ್ದೋಳು ನೀನು, ಯೋಳು ಮಗಾ. ಆ ಸೀರೆ ಹಸ್ರೇ ತಾನೆ?"

ಅಕ್ಕ ನನ್ನ ಕಡೆ ನೋಡಲಿಲ್ಲ.

"ಹಸ್ರೇ ಕಣಪ್ಪ," ಅಂದೆ.